ಕರೆಂಟಿಲ್ಲದ ಐಸು

ಅಪ್ಪಯ್ಯ ಬೇಸಿಗೆ ಕಳೆಯಲೆಂದು ಊರಿನಿಂದ ಇಂಗ್ಲೆಂಡಿಗೆ, ಫೆಲ್ಥಮ್ಮಿನ ನಮ್ಮ ಮನೆಗೆ ಬಂದಾಗ, ಇಂಥದ್ದು ನೋಡಬೇಕೆಂದು ಏನೂ ಹೇಳಿರಲಿಲ್ಲ. ಅರಮನೆ ತೋರಿಸಿದೆವು. "ಗೇಟ್ ಲಾಯ್ಕಿತ್ತ್" ಎಂದರು. ನದಿ ತೋರಿಸಿದೆವು, ಬರೀ ಕೆಸರು ಎಂದರು. ಕೊನೆಗೆ ತೋರಿಸುವವರಿಗೇ ಸುಸ್ತಾಗಿ ಸುಮ್ಮನಾದೆವು. ಒಂದು ಸಂಜೆ ಟೀವಿಯಲ್ಲಿ ಆಲ್ಪ್ಸ್ ಪರ್ವತದ ಹಿಮನದಿಯೊಂದು ಬಂತು. ಅಪ್ಪಯ್ಯ ಚಹಾ ಲೋಟ ಕೆಳಗಿಟ್ಟು ಮುಂದೆ ಬಾಗಿ ಕುಳಿತರು.

"ಇದ್ ಕರೆಂಟ್ ಇಲ್ದೆ ನಿಂತದ್ದಾ?"

ಹೌದು, ಸಾವಿರಾರು ವರ್ಷಗಳಿಂದ ಹಾಗೇ ನಿಂತಿದೆ ಎಂದೆ.

"ಹಂಗಾರೆ ಇದನ್ನ್ ಒಂದ್ ಸಲ ಕಾಣ್ಕ್."

ಅಪ್ಪಯ್ಯ ಗಂಗೊಳ್ಳಿ ಬಂದರಿನ ಐಸ್ ಪ್ಲಾಂಟಿನಲ್ಲಿ ಆಪರೇಟರ್ ಆಗಿದ್ದವರು. ಮೀನಿನ ಬೋಟುಗಳು ಕಡಲಿಗೆ ಒಯ್ಯುವ ಐಸು ಅವರ ಕೈ ದಾಟಿಯೇ ಹೋಗಬೇಕು. ಕರೆಂಟು ಹೋದರೆ ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅಪ್ಪಯ್ಯ ಊಟಕ್ಕೆ ಕುಳಿತಿದ್ದರೂ ಅರ್ಧಕ್ಕೇ ಎದ್ದು ಜನರೇಟರಿನ ಕಡೆ ಓಡುತ್ತಿದ್ದರು. ನನ್ನ ಮದುವೆಯ ದಿನವೂ ಕರೆಂಟು ಹೋಯಿತು. ಧಾರೆ ಎರೆದ ಒದ್ದೆ ಕೈಯನ್ನು ಒರೆಸಿಕೊಂಡವರೇ ಹೊರಟುಬಿಟ್ಟರು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ಆಯುಷ್ಯವಿಡೀ ಐಸು ಕರಗದಂತೆ ಕಾದ ಮನುಷ್ಯನಿಗೆ, ಯಾರೂ ಕಾಯಬೇಕಾಗಿಲ್ಲದ ಐಸು ಇದೆ ಎಂದರೆ ನೋಡದೆ ಇರಲಾದೀತೇ?

ಗಂಡನಿಗೆ ಏರ್‌ಪೋರ್ಟಿನ ಬ್ಯಾಗೇಜ್ ವಿಭಾಗದಲ್ಲಿ ಕೆಲಸ. ಸಿಬ್ಬಂದಿಯ ಮನೆಯವರಿಗೆ ಟಿಕೆಟ್ಟು ಅಗ್ಗ, ಆದರೆ ವಿಮಾನದಲ್ಲಿ ಸೀಟು ಖಾಲಿ ಉಳಿದರೆ ಮಾತ್ರ ಹತ್ತಬಹುದು. ಮದುವೆಯಾದಾಗಿನಿಂದ ನಾವು ಬೇಕೆಂದ ಊರಿಗೆ ಹೋದದ್ದು ಕಡಿಮೆ, ಸೀಟು ಖಾಲಿಯಿದ್ದ ಊರಿಗೆ ಹೋದದ್ದೇ ಹೆಚ್ಚು. ಈ ಸಲ ಮಾತ್ರ ಊರು ಮೊದಲೇ ನಿಶ್ಚಯವಾಯಿತು. ಬೆಳಗಿನ ಮೊದಲ ವಿಮಾನಕ್ಕೆ ಝೂರಿಕ್, ಅಲ್ಲಿಂದ ರೈಲು, ಕೇಬಲ್ ಕಾರ್, ಆಮೇಲೆ ನಡಿಗೆ, ಸಂಜೆಗೆ ವಾಪಸ್.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ನಮ್ಮ ಮನೆಯವರನ್ನು ಮೀರಿಸಿದವರಿಲ್ಲ. ಊಟದ ಮೇಜಿನ ಮೇಲೆ ಮ್ಯಾಪು ಹರಡಿಕೊಂಡು ದಿನವೂ ಸಭೆ. ದಾರಿ ನೋಡುವುದು ಮಗಳ ಪಾಲು. ಹದಿನಾಲ್ಕರ ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬುತ್ತಿಯ ವಿಷಯದಲ್ಲಿ ಜಗಳವೇ ಆಯಿತು. ಒಣ ಸಿಗಡಿ ಚಟ್ನಿ ಇಲ್ಲದ ಬುತ್ತಿ ಬುತ್ತಿಯೇ ಅಲ್ಲ ಎಂದು ಅಪ್ಪಯ್ಯ, ಸಿಬ್ಬಂದಿ ಟಿಕೆಟ್ಟಿನಲ್ಲಿ ಹೋಗುವವರು ವಿಮಾನದಲ್ಲಿ ಇದ್ದಾರೆಂದೇ ಗೊತ್ತಾಗಬಾರದು ಎಂದು ಗಂಡ. ನಾನು ನಿಂಬೆಹಣ್ಣಿನ ಚಿತ್ರಾನ್ನ ಎಂದು ತೀರ್ಮಾನ ಕೊಟ್ಟು ಎದ್ದೆ.

ಅಪ್ಪಯ್ಯನಿಗೆ ನಡಿಗೆಯ ಬೂಟು ಕೊಂಡುಕೊಟ್ಟೆವು. ಪಳಗಲಿ ಎಂದು ಪಂಚೆಯ ಕೆಳಗೆ ಅದನ್ನೇ ಹಾಕಿಕೊಂಡು ಮನೆಯೊಳಗೆಲ್ಲ ದಡದಡ ಓಡಾಡಿದರು. ದಿನವೂ ಮೊಮ್ಮಗಳ ಜೊತೆ ಹೌನ್ಸ್ಲೋ ಹೀತ್ ಎಂಬ ಬಯಲು ಸುತ್ತಿದರು. ಚಹಾಕ್ಕೆ ಸಕ್ಕರೆ ಬಿಟ್ಟರು. ಅಮ್ಮ ಬದುಕಿದ್ದಾಗ ಕಾಲು ಹಿಡಿದು ಬೇಡಿದರೂ ಬಿಡದ ಸಕ್ಕರೆ ಅದು. ನನಗೆ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು.

ಟಿಕೆಟ್ಟಿಗೆ ಹೆಸರು ಕೊಡಲು ಹೋದ ದಿನ ಗಂಡ ಮುಖ ಸಣ್ಣ ಮಾಡಿಕೊಂಡು ಬಂದ. ಅಪ್ಪಯ್ಯನ ಪಾಸ್‌ಪೋರ್ಟಿಗೆ ಸ್ವಿಟ್ಜರ್ಲೆಂಡಿನ ವೀಸಾ ಬೇಕಂತೆ. ನಮ್ಮ ಮೂವರದೂ ಮೆರೂನ್ ಬಣ್ಣದ ಬ್ರಿಟಿಷ್ ಪಾಸ್‌ಪೋರ್ಟು. ಆ ವರ್ಷಗಳಲ್ಲಿ ಅದನ್ನು ತೋರಿಸಿದರೆ ಯೂರೋಪಿನಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಪ್ರವಾಸ ಹೊರಡುವಾಗ ವೀಸಾ ಎಂಬ ಪದವೇ ನಮಗೆ ನೆನಪಾಗುತ್ತಿರಲಿಲ್ಲ. ಒಂದು ಕಾಲದಲ್ಲಿ ಅದಕ್ಕಾಗಿ ಬೆಳಗಾಗುವ ಮುಂಚೆ ಸಾಲು ನಿಂತವರು ನಾವೇ. ವಿಚಾರಿಸಿದರೆ, ಹೀಗೆ ಆರು ತಿಂಗಳ ಪ್ರವಾಸಿ ವೀಸಾದಲ್ಲಿ ಬಂದವರು ಇಲ್ಲಿಂದ ಅರ್ಜಿ ಹಾಕುವಂತಿಲ್ಲ, ಊರಿನಿಂದಲೇ ಹಾಕಿ ಬರಬೇಕಿತ್ತು ಎಂದರು.

"ಏರ್‌ಪೋರ್ಟಂಗೇ ಇದ್ಕಂಡ್ ಇಷ್ಟ್ ಗೊತ್ತಿಲ್ಯಾ ನಿಮ್ಗೆ? ದೀಪದ ಬುಡದಂಗೇ ಕತ್ಲಿ!" ಎಂದು ಗಂಡನ ಮೇಲೆ ಹಾರಿದೆ. ಅವನು ಪಾಪ, ಬ್ಯಾಗಿಗೆ ವೀಸಾ ಕೇಳುವುದಿಲ್ಲವಲ್ಲ ಎಂದ. ಅಪ್ಪಯ್ಯ ಮಾತ್ರ ಬೂಟು ಬಿಚ್ಚಿ ಮೂಲೆಯಲ್ಲಿ ಜೋಡಿಸಿಟ್ಟರು.

"ಅದಕ್ಕೆಂತ. ನೀ ಹೆಣ್ಣನ್ನ್ ಕರ್ಕಂಡ್ ಹೋಯಿ ಬಾ. ಕಂಡ್ ಬಂದ್ ಹೇಳಿ, ಸಾಕ್."

ಒಂದು ನಿಟ್ಟುಸಿರೂ ಇಲ್ಲ. ಬೇಸರವಾಗಿಲ್ಲ ಎಂದೇ ನಾನು ತಿಳಿದೆ. ವಯಸ್ಸಾದವರ ಆಸೆ ಬಂದ ಹಾಗೇ ಹೋಗುತ್ತದೆ ಎಂದುಕೊಂಡೆ. ಹೋಗುವುದೇ ಬೇಡ ಎಂದರೆ ಅವರು ಬಿಡಲಿಲ್ಲ.

ಅಂತೂ ಸೀಟು ಸಿಕ್ಕಿತು, ನಾನೂ ಮಗಳೂ ಹೋದೆವು. ಕೇಬಲ್ ಕಾರಿನಿಂದ ಇಳಿದು ಕಲ್ಲುದಾರಿಯಲ್ಲಿ ನಡೆದು ಐಸಿನ ಹತ್ತಿರ ಬಂದರೆ, ನೀರಿನ ಸದ್ದು. ಅಂಚಿನಿಂದ ನೀರು ಇಳಿದು ಹೋಗುತ್ತಲೇ ಇತ್ತು. ಒಂದು ಕಡೆ ಗುಡ್ಡದ ಮೈಯುದ್ದಕ್ಕೂ ಐಸಿಗೆ ದಪ್ಪ ಬಿಳಿ ಬಟ್ಟೆ ಹೊದಿಸಿದ್ದರು. ಬಿಸಿಲಿಗೆ ಬೇಗ ಕರಗದಿರಲಿ ಎಂದು ಹಾಗೆ ಮಾಡುತ್ತಾರಂತೆ. ಬಟ್ಟೆಯ ಅಂಚಿನ ಮೇಲೆ ಕಲ್ಲು ಹೇರಿದ್ದರು. ನನ್ನ ಪಾಲಿನ ಚಿತ್ರಾನ್ನವನ್ನೂ ಮಗಳ ಕೈಗೆ ಕೊಟ್ಟೆ. ವಾಪಸ್ ಬರುವಾಗ ರೈಲಿನಲ್ಲಿ ಮಗಳಿಗೆ ಹೇಳಿದೆ: ಚೆನ್ನಾಗಿತ್ತು, ದೊಡ್ಡದಿತ್ತು ಅಂತ ಅಜ್ಜನಿಗೆ ಹೇಳು, ಅಷ್ಟೇ ಸಾಕು.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಅಪ್ಪಯ್ಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

"ಹೇಳ್ ಕಾಂಬ ಮಗಾ, ಐಸ್ ಹ್ಯಾಂಗಿದ್ದಿತ್ತ್?"

ಮಗಳು ಇಂಗ್ಲಿಷಿನಲ್ಲಿ ಶುರು ಮಾಡಿ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಹೇಳಬೇಡ ಎಂದು ನಾನು ಕಣ್ಣು ಬಿಟ್ಟೆ. ಅವಳು ಅಜ್ಜನ ಕಡೆ ತಿರುಗಿ, ತಡೆದು ತಡೆದು ಹೇಳಿದಳು.

"ಅಜ್ಜ, ಅದು... ಕರಗ್ತಾ ಇತ್ತ್. ಮೇಲೆ ಬಟ್ಟೆ ಹಾಕಿದ್ರ್. ಬಿಸಿಲ್ ಬೀಳ್ಬಾರ್ದ್ ಅಂತ."

"ಬಟ್ಟೆ ಹೊದ್ಸಿರಾ? ಎಷ್ಟ್ ದಪ್ಪದ್ದ್?"

ಅವಳು ಬೆರಳಿನಲ್ಲಿ ತೋರಿಸಿದಳು. ಗಾಳಿ ಎಷ್ಟಿತ್ತು, ಕರಗಿದ ನೀರು ಎಲ್ಲಿಗೆ ಹೋಗುತ್ತದೆ, ಕೆಲಸಕ್ಕೆ ಎಷ್ಟು ಜನ ಇದ್ದರು ಎಂದು ಒಂದರ ಹಿಂದೆ ಒಂದು ಕೇಳಿದರು. ಅವಳು ಎಲ್ಲದಕ್ಕೂ ಕನ್ನಡದಲ್ಲೇ ಉತ್ತರ ಕೊಟ್ಟಳು. ಅವರಿಬ್ಬರು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡಿರಲೇ ಇಲ್ಲ. ಆಮೇಲೆ ಅಪ್ಪಯ್ಯ ಪಂಚೆಯ ತುದಿ ಎತ್ತಿ ಕಣ್ಣೊರೆಸಿಕೊಂಡರು.

"ನಾನ್ ಬರ್ಕಿದ್ದಿತ್ತ್," ಎಂದರು. "ಕಾಂಬುಕಲ್ಲ. ಆ ಬಟ್ಟೆ ಹೊದ್ಸುವರ್ ಒಟ್ಟಿಗೆ ಒಂದ್ ಕೈ ಹಾಕುಕೆ."