ಮಣೆ ಹತ್ತಿ ನಿಂತವರು

ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಒಂದು ವಾಸನೆಯಿರುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ಆಗಷ್ಟೇ ಕೊಯ್ದ ಮರದ ಪುಡಿ, ಅಂಟು, ಹಳೆಯ ರಟ್ಟು ಎಲ್ಲ ಸೇರಿದ ವಾಸನೆ. ಮೊನ್ನೆ ಜಯನಗರದ ಅಂಥದೊಂದು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ. ನಮ್ಮ ಮದುವೆಯ ಫೋಟೋದ ಗಾಜು ಒಡೆದಿತ್ತು. ಇವರು, ಅಂದರೆ ನಮ್ಮ ಯಜಮಾನರು, ಹೋಗಿ ಎರಡು ವರ್ಷವಾಯಿತು; ಫೋಟೋವನ್ನಾದರೂ ನೆಟ್ಟಗೆ ಇಟ್ಟುಕೊಳ್ಳೋಣ ಅಂತ ತಂದಿದ್ದೆ. ಅಂಗಡಿಯಾತ ಹಳೆಯ ಕಟ್ಟು ಬಿಚ್ಚಿ, ಫೋಟೋದ ಕೆಳತುದಿಯನ್ನು ಬೆರಳಿಟ್ಟು ತೋರಿಸಿದ.

"ಅಮ್ಮಾ, ಸಾರ್ ಕಾಲ್ ಕೆಳಗೆ ಒಂದು ಮಣೆ ಇದೆ ನೋಡಿ. ಹಳೇ ಫ್ರೇಮಲ್ಲಿ ಮುಚ್ಚೋಗಿತ್ತು. ಕಟ್ ಮಾಡ್ಬಿಡ್ಲಾ? ನೀಟಾಗಿರುತ್ತೆ."

"ಹ್ಞೂಂ, ಮಾಡಪ್ಪ" ಎಂದು ಬಾಯಿ ತುದಿಗೆ ಬಂದೇಬಿಟ್ಟಿತ್ತು. ಮಣೆ ಮುಚ್ಚಿಡುವುದು ಎಷ್ಟು ವರ್ಷದ ಅಭ್ಯಾಸ ನೋಡಿ! "ಇರು, ಯೋಚನೆ ಮಾಡಿ ಹೇಳ್ತೀನಿ" ಅಂದೆ. ಆತ ಬೇರೆ ಕೆಲಸಕ್ಕೆ ಕೈ ಹಾಕಿದ. ಒಂದು ಮಣೆಗೆ ಇಷ್ಟೊಂದು ಯೋಚನೆಯೇ ಎಂದು ನಿಮಗೂ ಅನ್ನಿಸಿರಬೇಕು. ಹೇಳುತ್ತೇನೆ, ಕೇಳಿ.

ನಾನು ಉದ್ದದ ಹುಡುಗಿಯಾಗಿದ್ದೆ. ನಮ್ಮ ಸೋದರತ್ತೆಗೆ ಅದೇ ದೊಡ್ಡ ಚಿಂತೆ. "ಸ್ವಲ್ಪ ಬಗ್ಗಿ ನಡಿಯೇ, ಯಾವ ಗಂಡು ಒಪ್ತಾನೆ ನಿನ್ನ" ಅಂತ ದಿನಕ್ಕೆ ನಾಲ್ಕು ಸಲ ಅನ್ನುತ್ತಿದ್ದರು. ಕೊನೆಗೆ ಒಪ್ಪಿದವರು ನನಗಿಂತ ನಾಲ್ಕು ಬೆರಳು ಗಿಡ್ಡ. ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡದ ಕಣ್ಣು. ಮದುವೆಯ ದಿನ ಫೋಟೋಗೆ ನಿಲ್ಲಿಸಿದಾಗ ಸೋದರತ್ತೆ ದಡದಡ ಬಂದು ಊಟದ ಮಣೆಯೊಂದನ್ನು ಇವರ ಕಾಲ ಬಳಿ ಇಟ್ಟರು. ಇವರು ತಕ್ಷಣ ಹತ್ತಿ ನಿಂತರು. ಅಯ್ಯೋ, ನನ್ನ ಎತ್ತರ ಇವರಿಗೆ ಅವಮಾನ ಅನ್ನಿಸಿತಲ್ಲ! ಸೀರೆಯ ಒಳಗೇ ಮೊಣಕಾಲು ಬಗ್ಗಿಸಿದೆ, ಸಾಧ್ಯವಾದಷ್ಟೂ ಬಗ್ಗಿಸಿದೆ. ಅವರು ಮೇಲೆ ಹತ್ತಿ, ನಾನು ಕೆಳಗಿಳಿದು, ಫೋಟೋ ನೋಡಿದವರೆಲ್ಲ "ಹುಡುಗ ಏನು ಎತ್ತರಾ ರೀ" ಅಂದರು.

ಅರವತ್ತರ ದಶಕದ ಮೊದಮೊದಲ ದಿನಗಳು ಅವು. ಜಯನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಜಯನಗರ ಅಂದರೆ ಈಗಿನದಲ್ಲ. ಸಾಲಾಗಿ ಸೈಟುಗಳ ಗುರುತು ಕಲ್ಲು, ಅಲ್ಲೊಂದು ಇಲ್ಲೊಂದು ಮನೆ, ಆಚೆಗೆ ರಾಗಿ ಹೊಲ. ಸಂಜೆಯಾದರೆ ಬೀಸುವ ಗಾಳಿಯಲ್ಲಿ ಸೌದೆ ಒಲೆಯ ಹೊಗೆಯೂ ಹಸಿ ಸುಣ್ಣದ ವಾಸನೆಯೂ ಬೆರೆತು, ಇದು ನಿಜವಾದ ಊರೋ ಯಾರೋ ಕಾಣುತ್ತಿರುವ ಕನಸೋ ಅನ್ನಿಸುತ್ತಿತ್ತು. ಆ ಹೊತ್ತಿಗೆ ನಾವಿಬ್ಬರೂ ಬನಶಂಕರಿ ಗುಡಿಯ ಕಡೆಗೆ ನಡೆಯುತ್ತಿದ್ದೆವು. ಇವರು ಹತ್ತು ಹೆಜ್ಜೆ ಮುಂದೆ, ನಾನು ಹಿಂದೆ.

ಒಂದೂವರೆ ವರ್ಷ ಹಾಗೇ ನಡೆದೆವು. ಅವರ ಅಂಗಿಯ ಬೆನ್ನಿನ ಇಸ್ತ್ರಿಗೆರೆ ನನಗೆ ಬಾಯಿಪಾಠವಾಗಿತ್ತು. ಮುಖ ಅಷ್ಟಾಗಿ ಆಗಿರಲಿಲ್ಲ. ಹಾಗಂತ ಕೆಟ್ಟವರಲ್ಲ, ದನಿ ಎತ್ತಿದವರಲ್ಲ. ಸ್ಟೋವಿನ ಬತ್ತಿ ಸರಿ ಮಾಡಿಕೊಡುವರು, ವಾರಕ್ಕೊಮ್ಮೆ ಮಲ್ಲಿಗೆ ತರುವರು. ಆದರೆ ನನ್ನ ಮನಸ್ಸು ಒಂದು ಸಲ ತೀರ್ಪು ಬರೆದಾಗಿತ್ತಲ್ಲ! ಮಲ್ಲಿಗೆ ತಂದರೆ, ಪಾಪ ಅಂತ ತಂದಿರಬೇಕು ಅಂದುಕೊಳ್ಳುವೆ. ತರದಿದ್ದರೆ, ನೋಡಿದೆಯಾ, ನಾನಂದುಕೊಂಡಿದ್ದೇ ಸರಿ ಅನ್ನುವೆ. ಹೂ ಮುಡಿದೇ ಅತ್ತ ಪೆದ್ದಿ ನಾನು.

ಒಂದು ಸಂಜೆ ನೀರಿನ ಪೈಪಿಗೆಂದು ನಮ್ಮ ರಸ್ತೆಯುದ್ದಕ್ಕೂ ಕಾಲುವೆ ತೋಡಿದ್ದರು. ಮಣ್ಣು ಪಕ್ಕದಲ್ಲಿ ಉದ್ದನೆಯ ದಿಬ್ಬವಾಗಿ ಬಿದ್ದಿತ್ತು. ಇವರು ದಿಬ್ಬ ಹತ್ತಿದವರು ಅಪರೂಪಕ್ಕೆ ನಿಂತು ತಿರುಗಿ ನೋಡಿದರು. ನಾನು ಕೆಳಗೆ ರಸ್ತೆಯಲ್ಲಿ ಅವರ ಪಕ್ಕಕ್ಕೆ ಬಂದೆ. ನೋಡಿದರೆ ಇಬ್ಬರ ಭುಜವೂ ಸಮ! ಅವರು ಮೇಲೆ, ನಾನು ಕೆಳಗೆ, ಜೊತೆಯಲ್ಲಿ ನಡೆದೆವು. ಬೆಳಕು ಅರಿಸಿನದ ನೀರಿನ ಬಣ್ಣಕ್ಕೆ ತಿರುಗಿತ್ತು. ಈ ದಿಬ್ಬ ಮುಗಿಯದೇ ಇರಲಪ್ಪಾ ಅಂತ ನಾನು ಬೇಡಿಕೊಂಡೆ. ಮುಗಿಯಿತು. ಅವರು ಇಳಿದು, ಎಂದಿನಂತೆ ಬಿರಬಿರನೆ ಮುಂದೆ ಹೊರಟರು. ನನಗೆ ತಡೆಯಲಾಗಲಿಲ್ಲ.

"ರೀ, ನಿಂತ್ಕೊಳ್ಳಿ. ನನ್ನ ಪಕ್ಕ ನಡೆಯೋಕೆ ಅಷ್ಟು ನಾಚಿಕೆನಾ ನಿಮ್ಗೆ?"

ಅವರು ತಬ್ಬಿಬ್ಬಾದರು. "ನಂಗಾ? ಗಿಡ್ಡನ ಪಕ್ಕ ನಡೆಯೋಕೆ ನಾಚಿಕೆ ಇರೋದು ನಿಂಗಲ್ವಾ? ನಾನು ಮುಂದೆ ಹೋದ್ರೆ ನಿಂಗೆ ಸಲೀಸು ಅಂತ ಹೋಗ್ತಿದ್ದೆ."

"ಹಾಗಂತ ನಾನ್ಯಾವಾಗ ಅಂದೆ?"

"ಫೋಟೋಗೆ ಮೊಣಕಾಲು ಬಗ್ಗಿಸಿ ನಿಂತಿದ್ದೆಯಲ್ಲೇ. ನಿನ್ನ ಸೀರೆ ಅಂಚು ನೆಲದ ಮೇಲೆ ರಾಶಿ ಬಿದ್ದಿತ್ತು. ನಂಗೆ ಗೊತ್ತಾಗಲಿಲ್ಲ ಅಂದ್ಕೊಂಡ್ಯಾ?"

"ನೀವು ಮಣೆ ಹತ್ತಿದ್ರಲ್ಲಾ, ಅದಕ್ಕೇ!"

"ನಿಮ್ಮತ್ತೆ ಇಟ್ರು, ಹತ್ತಿದೆ. ಮದುವೆ ದಿನ ಯಾವುದಕ್ಕೆ ಬೇಡ ಅನ್ನಕ್ಕಾಗುತ್ತೆ?"

ನಾನು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಅವರು ಹತ್ತಿರ ಬಂದು, "ಇನ್ಮೇಲೆ ಬಗ್ಗಬೇಡ. ನೆಟ್ಟಗೆ ನಡಿ" ಅಂದರು. ಅವತ್ತಿನಿಂದ ಕೊನೆಯವರೆಗೂ ನನ್ನ ಎಡಪಕ್ಕ ಅವರದಾಯಿತು.

ಮೊಮ್ಮಗಳು ಮನಶ್ಶಾಸ್ತ್ರ ಓದುತ್ತಿದ್ದಾಳೆ. ಗಂಡಹೆಂಡಿರ ಸುಖಕ್ಕೆ ಏನೇನು ಕಾರಣ ಅಂತ ಅದರಲ್ಲಿ ದೊಡ್ಡ ಪಾಠವೇ ಇದೆಯಂತೆ. ಇರಲಿ, ಓದಲಿ. ಪ್ರೀತಿ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇತ್ತು. ಅವರ ಮನಸ್ಸನ್ನು ಅವರನ್ನು ಕೇಳದೆ ನಾನೇ ಓದಿಕೊಂಡೆ, ನನ್ನದನ್ನು ಅವರು ಓದಿಕೊಂಡರು, ಅಷ್ಟೇ ಆಗಿದ್ದು.

"ಅಮ್ಮಾ, ಏನ್ ಮಾಡ್ಲಿ?" ಅಂಗಡಿಯಾತ ಕತ್ತರಿ ಹಿಡಿದು ನಿಂತಿದ್ದ.

"ಕಟ್ ಮಾಡ್ಬೇಡಪ್ಪ. ಮಣೆ ಇರಲಿ."

"ಸಾರ್ ಗಿಡ್ಡ ಇದ್ರು ಅಂತ ಗೊತ್ತಾಗ್ಬಿಡುತ್ತೆ!"

"ಗೊತ್ತಾಗ್ಲಿ. ನಾನೂ ಬಗ್ಗಿ ನಿಂತಿದ್ದೀನಿ, ಅದೊಂದು ಕಾಣಲ್ಲ ಅಂತಲೇ ನಂಗೆ ಬೇಜಾರು."

ಆತನಿಗೆ ಅರ್ಥವಾಗಲಿಲ್ಲ, ಸುಮ್ಮನೆ ನಕ್ಕ. ನಾನು ಫುಟ್‌ಪಾತಿಗೆ ಇಳಿದೆ. ವಯಸ್ಸಿಗೆ ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿಕೊಂಡು, ಎಡಗಡೆ ಒಬ್ಬರಿಗೆ ಜಾಗ ಬಿಟ್ಟು, ಮನೆಯ ಕಡೆ ನಡೆದೆ.