ಎರಡನೇ ಮಹಡಿಯ ನಾಲ್ಕು ಕಂಬಗಳು

ಕೂಡ್ಲಿಗಿ ಬಸ್ ನಿಲ್ದಾಣದ ಹತ್ತಿರ ಆರು ಮಹಡಿಯ ಕಚೇರಿ ಕಟ್ಟಡಕ್ಕೆ ಪಾಯ ತೋಡುವಾಗ ಸೈಟ್ ಇಂಜಿನಿಯರಾಗಿ ಸೇರಿದವಳು ಸಂಘಮಿತ್ರಾ. ಕಾನಹೊಸಹಳ್ಳಿಯವಳು, ಅಪ್ಪ ಕೊಟ್ರಬಸಪ್ಪ ಹೈಸ್ಕೂಲಿನಲ್ಲಿ ಅಟೆಂಡರ್. ಡಿಪ್ಲೊಮಾ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತವಳಿಗೆ ಗುತ್ತಿಗೆದಾರ ಪ್ರವೀಣಕುಮಾರ್ ಈ ಕೆಲಸ ಕೊಟ್ಟಿದ್ದ.

ಮೊದಲ ದಿನ ಅವಳು ಏಣಿ ಹಿಡಿದು ಗುಂಡಿಗೆ ಇಳಿಯುವಾಗ ಮೇಲೆ ನಿಂತವರು ನಕ್ಕರು.

"ಯಾಕ್ರಲೇ, ನಿಮ್ಮ ಮನ್ಯಾಗ ಹೆಣ್ಮಕ್ಕಳಿಲ್ಲೇನು?" ಎಂದು ಗದರಿದವನು ಮೇಸ್ತ್ರಿ ಪಾಲಾಕ್ಷಪ್ಪ. ಉಚ್ಚಂಗಿದುರ್ಗದ ಕಡೆಯವನು, ಹರೆಯದಲ್ಲೇ ಕುರಿ ಬಿಟ್ಟು ಕರಣೆ ಹಿಡಿದವನು. ಅಂದಿನಿಂದ ಅವಳು ಅವನಿಗೆ ಇಂಜಿನಿಯರವ್ವ, ಅವನು ಅವಳಿಗೆ ಕಾಕ. ಮರಳನ್ನು ಮುಷ್ಟಿಯಲ್ಲಿ ಹಿಂಡಿ ಮಣ್ಣೆಷ್ಟಿದೆ ಎಂದು ತಿಳಿಯುವುದನ್ನು, ಸುತ್ತಿಗೆಯಿಂದ ತಟ್ಟಿ ಕಂಬದ ಗಟ್ಟಿತನ ಕೇಳುವುದನ್ನು ಕಲಿಸಿದವನು ಅವನೇ.

ಕಂಬಕ್ಕೆ ಕಾಂಕ್ರೀಟು ಹಾಕುವಾಗಲೆಲ್ಲ ಅದೇ ಮಾಲನ್ನು ಸಣ್ಣ ಕಬ್ಬಿಣದ ಅಚ್ಚುಗಳಿಗೂ ತುಂಬಬೇಕು. ಗಟ್ಟಿಯಾದ ಮೇಲೆ ಆ ಗಡ್ಡೆಗಳನ್ನು ಲ್ಯಾಬಿನಲ್ಲಿ ಒಡೆದು ಬಲ ನೋಡುತ್ತಾರೆ. ಕಳಿಸುವ ಕಾಗದಕ್ಕೆ ಸಂಘಮಿತ್ರಾಳ ಸಹಿ. ಎರಡನೇ ಮಹಡಿಯ ಹೊತ್ತಿಗೆ ಪಾಲಾಕ್ಷಪ್ಪ, "ಬಿಸಿಲಾಗ ಯಾಕ ನಿಂದರ್ತಿ? ಉಂಡು ಬಾ ಹೋಗು. ಅಚ್ಚು ನಾ ತುಂಬಿಸಿರ್ತೀನಿ" ಎನ್ನುತ್ತಿದ್ದ. ಅವಳು ಹೋಗುತ್ತಿದ್ದಳು. ವರದಿಗಳೂ ಚೆನ್ನಾಗಿಯೇ ಬರುತ್ತಿದ್ದವು.

ನಾಲ್ಕನೇ ಮಹಡಿ ಏಳುತ್ತಿದ್ದಾಗ ಪೈಪಿನ ಕೆಲಸದ ಭೀಮರಾಜ ಅವಳನ್ನು ಕೆಳಗೆ ಕರೆದ. ಎರಡನೇ ಮಹಡಿಯ ಕಂಬಕ್ಕೆ ಡ್ರಿಲ್ ಇಟ್ಟರೆ ಕುಂಬಳಕಾಯಿಗೆ ಇಟ್ಟಂತೆ ಒಳಗೆ ಹೋಗಿತ್ತು. ತೂತಿನಿಂದ ಮರಳು ಉದುರುತ್ತಿತ್ತು. ಸಂಘಮಿತ್ರಾ ಸುತ್ತಿಗೆ ತಂದು ಆ ಮಹಡಿಯ ಕಂಬಗಳನ್ನೆಲ್ಲ ತಟ್ಟಿದಳು. ನಾಲ್ಕು ಕಂಬಗಳು ಠಣ್ಣೆನ್ನದೆ ಟೊಳ್ಳಾಗಿ ಸದ್ದು ಮಾಡಿದವು.

ಮಾಲು ಹೊರುವ ಗಿಡ್ಡಮ್ಮನನ್ನು ಕೇಳಿದಳು.

"ಅಚ್ಚಿಗೆ ಬ್ಯಾರೆ ಕಲಸ್ತಿದ್ರವ್ವ, ಸಿಮೆಂಟು ಜಾಸ್ತಿ ಹಾಕಿ. ಕಂಬಕ್ಕ ಕಡಿಮಿ" ಎಂದಳು ಗಿಡ್ಡಮ್ಮ. ಆಮೇಲೆ ಮೆಲ್ಲಗೆ ಹೇಳಿದಳು, "ನಿಮಗೂ ಗೊತ್ತೈತಿ ಅಂದ್ಕೊಂಡಿದ್ವಿ."

ಇಡೀ ಸೈಟು ಇಷ್ಟು ತಿಂಗಳು ತನ್ನನ್ನು ಹಾಗೆ ತಿಳಿದಿತ್ತೆಂಬುದು ಅವಳಿಗೆ ಆಗ ಅರ್ಥವಾಯಿತು.

ಅವಳು ಹೋಗಿ ಕೇಳಿದಾಗ ಪಾಲಾಕ್ಷಪ್ಪ ಸುಳ್ಳು ಹೇಳಲಿಲ್ಲ. "ಸಿಮೆಂಟು ಉಳಿಸಿದ್ರ ಮುಂದಿನ ಕೆಲಸಾನೂ ನಿನ್ನ ಗ್ಯಾಂಗಿಗೇ ಅಂದ ಪ್ರವೀಣಕುಮಾರ್ ಧಣಿ. ನನ್ನ ನಂಬಿ ಇಪ್ಪತ್ತು ಮಂದಿ ಅದಾರವ್ವ."

"ಮತ್ತ ನನ್ನ ಸಹಿ, ಕಾಕ?"

"ನೀ ಓದಿದಾಕಿ. ನಿನಗ ಬ್ಯಾರೆ ಕಡಿ ಕೆಲಸ ಸಿಗ್ತೈತಿ."

ಅಂದೇ ಅವಳು ಕಟ್ಟಡದ ಮಾಲೀಕ ಗುರುಮೂರ್ತಿಯವರಿಗೆ ಎಲ್ಲವನ್ನೂ ಬರೆದು ಕೊಟ್ಟಳು. ಅವರು ಅವಳನ್ನು, ಗುತ್ತಿಗೆದಾರನನ್ನು, ಮೇಸ್ತ್ರಿಯನ್ನು ಮೂವರನ್ನೂ ಕರೆಸಿದರು. ಪ್ರವೀಣಕುಮಾರ್ ಅವಳ ಸಹಿಯ ಕಾಗದಗಳನ್ನು ಮೇಜಿನ ಮೇಲೆ ಹರಡಿದ. ಗುರುಮೂರ್ತಿ ಮೇಸ್ತ್ರಿಯತ್ತ ತಿರುಗಿದರು.

"ಅಚ್ಚು ತುಂಬುವಾಗ ಇವರು ಇದ್ರೇನಪ್ಪ?"

ಪಾಲಾಕ್ಷಪ್ಪ ಅವಳ ಕಡೆ ನೋಡಲಿಲ್ಲ. "ಇದ್ರು ಸರ್. ಮೇಡಮ್ ಅವರ ಮುಂದನ ತುಂಬಿದ್ದು."

ಅವನ ಬಾಯಲ್ಲಿ ಮೇಡಮ್ ಎಂಬ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಜಗಳಕ್ಕೆ ಹೋಗದೆ ಒಂದೇ ಮಾತು ಹೇಳಿದಳು: "ಹೊರಗಿನವರನ್ನ ಕರೆಸಿ, ಆ ಕಂಬಗಳಿಂದಲೇ ತುಂಡು ಕೊರೆಸಿ ನೋಡ್ರಿ ಸರ್."

ಕೊರೆಸಿದರು. ನಾಲ್ಕೂ ಬಲದ ಪರೀಕ್ಷೆಯಲ್ಲಿ ಸೋತವು. ಆ ಕಂಬಗಳ ಸುತ್ತ ಹೊಸ ಕಂಬಿ ಕಟ್ಟಿ, ಕಾಂಕ್ರೀಟು ಹಾಕಿ ದಪ್ಪ ಮಾಡಬೇಕಾಯಿತು. ಖರ್ಚು ಪ್ರವೀಣಕುಮಾರನದೇ, ದುಡಿದದ್ದು ಪಾಲಾಕ್ಷಪ್ಪನ ಗ್ಯಾಂಗು. ಸಂಘಮಿತ್ರಾಳನ್ನು ಮಾತ್ರ ಕೆಲಸದಿಂದ ತೆಗೆದರು. ಸಹಿ ಅವಳದೇ ಆಗಿತ್ತಲ್ಲ. ನೋಡದೆ ಸಹಿ ಮಾಡಿದ್ದೂ ನಿಜ. ಅದನ್ನು ಅವಳು ಅಲ್ಲಗಳೆಯಲಿಲ್ಲ.

ಈಗ ಅವಳು ಹಡಗಲಿಯಲ್ಲಿ ನೀರಿನ ಟ್ಯಾಂಕ್ ಕಟ್ಟಿಸುವ ಕೆಲಸದಲ್ಲಿದ್ದಾಳೆ. ಮಧ್ಯಾಹ್ನದ ಬುತ್ತಿಯನ್ನು ಕಾಂಕ್ರೀಟು ಕಲಸುವ ಜಾಗದಲ್ಲೇ ನಿಂತು ಉಣ್ಣುತ್ತಾಳೆ. ಅಲ್ಲಿಯ ಮೇಸ್ತ್ರಿ ಒಳ್ಳೆಯವನೇ, ಆದರೂ ಅವನನ್ನು ಕಾಕ ಎನ್ನದೆ ಹೆಸರು ಹಿಡಿದೇ ಕರೆಯುತ್ತಾಳೆ. ಕೂಡ್ಲಿಗಿಯ ಕೆಲಸ ಮುಗಿಯಿತೆಂದಷ್ಟೇ ಮನೆಯಲ್ಲಿ ಹೇಳಿದ್ದಳು.

ಮೊನ್ನೆ ಭಾನುವಾರ ಊರಿಗೆ ಹೋದಾಗ ಕೊಟ್ರಬಸಪ್ಪ ಹೇಳಿದರು, "ನಿಮ್ಮ ಮೇಸ್ತ್ರಿ ಸಂತ್ಯಾಗ ಸಿಕ್ಕಿದ್ದ. ನಿನ್ನ ಭಾಳ ಹೊಗಳಿದ, ಮಗಳೆಂಗದಾಳ ಅಂತ ಎರಡು ಸಲ ಕೇಳಿದ. ಒಳ್ಳೆ ಮನುಷ್ಯ."

ಸಂಘಮಿತ್ರಾ ರೊಟ್ಟಿ ಮುರಿಯುತ್ತಿದ್ದಳು. "ಹೂಂ. ಕೆಲಸ ಚಲೋ ಕಲಿಸಿದ" ಎಂದಷ್ಟೇ ಅಂದು, ಅವ್ವನಿಗೆ ಪಲ್ಯ ಬಡಿಸಲು ಹೇಳಿದಳು.