ರಸ್ತೆಯ ಮೇಲೆ ಮಾವನಿಲ್ಲ, ಭಾವನಿಲ್ಲ

ನಿಪ್ಪಾಣಿಯ ಕಡೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪುಣೆ-ಬೆಂಗಳೂರು ಹೆದ್ದಾರಿಯ ನಡುವಿನ ಡಿವೈಡರಿನಲ್ಲಿ ಕೆಲವು ಹೆಂಗಸರು ಕಣಗಿಲೆ ಗಿಡಗಳ ಬುಡದಲ್ಲಿ ಕುಳಿತು ಕಳೆ ಕೀಳುತ್ತಿದ್ದಾರೆ. ಸೀರೆಯ ಮೇಲೆ ಗಂಡಸರ ಅಂಗಿ, ಅದರ ಮೇಲೆ ಹೊಳೆಯುವ ಪಟ್ಟಿಯ ಕಿತ್ತಳೆ ಬಣ್ಣದ ಜಾಕೀಟು. ಒಬ್ಬರು ಮಾತ್ರ ಕುಳಿತಿಲ್ಲ. ಕೈಯಲ್ಲಿ ಕೆಂಪು ಬಾವುಟ ಹಿಡಿದು, ಬರುವ ಗಾಡಿಗಳಿಗೆ ಮುಖ ಕೊಟ್ಟು ನಿಂತಿದ್ದಾರೆ. ಅವರು ಅಕ್ಕುತಾಯಿ, ಈ ತಂಡದ ಮುಖ್ಯಸ್ಥೆ.

ದೂರದಿಂದ ಒಂದು ಮೋಟಾರುಬೈಕು ಬರುತ್ತದೆ. ಬಿಳಿ ಟೋಪಿಯ ಮುದುಕ, ಎರಡೂ ಬದಿಗೆ ಹಾಲಿನ ಕ್ಯಾನು. ಗಿಡದ ಬುಡದಲ್ಲಿದ್ದ ಅಕ್ಕುತಾಯಿಯ ಸೊಸೆ ಶುಭಾಂಗಿಯ ಕೈ ತಾನಾಗಿಯೇ ಸೆರಗಿಗೆ ಹೋಗುತ್ತದೆ.

"ಕೈ ಕೆಳಗ! ರಸ್ತಾ ನೋಡ!" ಎಂದು ಅಕ್ಕುತಾಯಿ ಗದರುತ್ತಾರೆ.

"ನಮ್ಮೂರ ಹಿರ್ಯಾರು ಅತ್ತಿ..."

ಪಕ್ಕದಲ್ಲಿದ್ದ ಸಾವಕ್ಕ ಕುರ್ಪಿ ಊರಿಕೊಂಡು ನಗುತ್ತಾರೆ. "ಅವ ಹಾಲಿನ ಡೇರಿ ಮುದುಕ ಬೇ! ಎಮ್ಮಿ ಬಿಟ್ರ ಅವ ಯಾರ ಮಾರಿನೂ ನೋಡಂಗಿಲ್ಲ."

ಎಲ್ಲರೂ ನಗುತ್ತಾರೆ. ಅಕ್ಕುತಾಯಿ ನಗುವುದಿಲ್ಲ. ಬೈಕು ದಾಟಿ ಹೋಗಿ, ಅದರ ಹಿಂದಿನ ಲಾರಿಯೂ ಗಾಳಿ ಬೀಸಿಕೊಂಡು ಹೋದ ಮೇಲಷ್ಟೇ ಅವರ ಹೆಗಲು ಸಡಿಲವಾಗುತ್ತದೆ. "ಊರಾಗ ಮಾವ, ಭಾವ ಎಲ್ಲಾರೂ ಅದಾರ್ರಿ. ರಸ್ತಾದಾಗ ಮಾವನೂ ಇಲ್ಲ, ಭಾವನೂ ಇಲ್ಲ. ಇಲ್ಲಿ ಬರೇ ಗಾಡಿ."

ಹೆದ್ದಾರಿಯಲ್ಲಿ ಕಾರಿನ ಕಿಟಕಿಯಿಂದ ನೋಡುವವರಿಗೆ ಈ ಗಿಡಗಳು ಒಂದು ಗುಲಾಬಿ ಬಣ್ಣದ ಗೆರೆ, ಅಷ್ಟೇ. ಕಣಗಿಲೆಯನ್ನು ದನ ಮುಟ್ಟುವುದಿಲ್ಲ, ರಾತ್ರಿ ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆಯದಂತೆ ಅದು ತಡೆಯುತ್ತದೆ. ಅದನ್ನು ಕತ್ತರಿಸುವಾಗ ಸಿಡಿಯುವ ಹಾಲು ಮಾತ್ರ ಈ ಹೆಂಗಸರ ಕಣ್ಣಿಗೆ. ಗಿಡಗಳ ಸಂದಿಯಲ್ಲಿ ಅವರಿಗೆ ಸಿಗುವ ವಸ್ತುಗಳನ್ನು ಹೇಳಲೇ? ಲಾರಿಯವರು ಉಚ್ಚೆ ತುಂಬಿ ಎಸೆದ ಬಾಟಲಿ, ಸತ್ತ ನಾಯಿ, ಒಡೆದ ಗಾಜು, ಯಾರದೋ ಒಂಟಿ ಚಪ್ಪಲಿ. "ಚಪ್ಪಲಿ ಸಿಕ್ರ ಯಾರೂ ಮಾತಾಡಂಗಿಲ್ರಿ. ಸುಮ್ನ ಬುಟ್ಟ್ಯಾಗ ಹಾಕ್ಕೋತೀವಿ," ಎನ್ನುತ್ತಾರೆ ಸಾವಕ್ಕ.

ಅಕ್ಕುತಾಯಿ ಮೊದಲು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ ದುಡಿದವರು. ತಂಬಾಕಿನ ಧೂಳು ಎದೆಗಿಳಿದು ಕೆಮ್ಮು ಹತ್ತಿದಾಗ, ಹೆದ್ದಾರಿಯ ಗಿಡ ನೋಡಿಕೊಳ್ಳುವ ಕೆಲಸಕ್ಕೆ ಜನ ಬೇಕೆಂದು ಯಾರೋ ಹೇಳಿದರು. ಬರುವಾಗ ತಮ್ಮ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಜನಾಬಾಯಿಯನ್ನೂ ಕರೆದುಕೊಂಡು ಬಂದರು. "ಬಯಲ ಗಾಳಿ ಸಿಗತೈತಿ ಬಾ ಅಂದೆ. ನಾನ ಕರಕೊಂಡ ಬಂದೆ ನೋಡ್ರಿ ಆಕಿನ್ನ."

ಮೂರು ವರ್ಷದ ಹಿಂದಿನ ಮಾತು. ಕಬ್ಬಿನ ಹಂಗಾಮು. ಜನಾಬಾಯಿ ಡಿವೈಡರಿನ ಅಂಚಿನಲ್ಲಿ ಟ್ಯಾಂಕರಿನ ಪೈಪು ಹಿಡಿದು ಗಿಡಕ್ಕೆ ನೀರು ಬಿಡುತ್ತಿದ್ದರು. ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂತು. ಓಡಿಸುತ್ತಿದ್ದವರು ಮನೆಯ ಹಿರಿಯರಾದ ದಾದಾಸಾಹೇಬ, ಈ ಇಬ್ಬರು ಹೆಂಗಸರ ಗಂಡಂದಿರ ಅಣ್ಣ, ಅಂದರೆ ಭಾವ. ಈ ಕಡೆಯ ಊರುಗಳಲ್ಲಿ ಭಾವ ಎದುರಾದರೆ ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು, ಬೆನ್ನು ತಿರುಗಿಸಿ ನಿಲ್ಲಬೇಕು. ಜನಾಬಾಯಿ ಅದನ್ನೇ ಮಾಡಿದರು. ಎಳೆದ ಸೆರಗು ಜಾಕೀಟಿನ ಹೊಳೆಯುವ ಪಟ್ಟಿಯನ್ನು ಮುಚ್ಚಿತು, ಪಕ್ಕದ ನೋಟವನ್ನೂ ಮುಚ್ಚಿತು. ಆ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಒಂದು ಟೆಂಪೋ ಬಲಕ್ಕೆ, ಡಿವೈಡರಿನ ಅಂಚಿಗೇ ನುಗ್ಗಿತು. ನೋಡಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯಬಹುದಿತ್ತು. ಬೆನ್ನಿಗೆ ಕಣ್ಣಿಲ್ಲವಲ್ಲ.

"ಭಾವನೇ ಆಕಿನ್ನ ಎತ್ತಿ ಟ್ರಾಲಿ ಮ್ಯಾಲ ಹಾಕಿದ್ರು," ಎನ್ನುತ್ತಾರೆ ಅಕ್ಕುತಾಯಿ. "ಜೀವ ಇದ್ದಾಗ ಆಕಿ ಮಾರಿ ನೋಡದ ಮನಶ್ಯಾ."

ಅಂದಿನಿಂದ ಅವರದೊಂದು ಕಟ್ಟುನಿಟ್ಟು: ಡಿವೈಡರ್ ಏರಿದ ಮೇಲೆ ಯಾರೇ ಬಂದರೂ ಸೆರಗು ತಲೆಗೆ ಹೋಗಬಾರದು, ಬೆನ್ನು ತಿರುಗಬಾರದು. ಹೇಳುವುದು ಸುಲಭ. ಹುಟ್ಟಿದಾಗಿನಿಂದ ಕಲಿತ ಕೈ ಅದು, ಬುದ್ಧಿಗಿಂತ ಮೊದಲು ಮೇಲೇಳುತ್ತದೆ. ಜೊತೆಗೆ ಸಂಜೆ ಮನೆಯಲ್ಲಿ ಗಂಡಂದಿರ ತಕರಾರು ಬೇರೆ. ಹಾಗಿದ್ದರೂ ಈ ಮೂರು ವರ್ಷ ಗದರಿ, ರಮಿಸಿ, ಬೈಸಿಕೊಂಡು ಅವರು ಅದನ್ನು ನಡೆಸಿಕೊಂಡು ಬಂದಿದ್ದಾರೆ. ಈಗ ಅದು ಮುರಿಯುವ ಹಂತಕ್ಕೆ ಬಂದಿದೆ. ಕಾರಣ, ಒಂದು ಚಿತ್ರ.

ರಸ್ತೆ ಅಗಲವಾಗುತ್ತಿದೆ. ಊರ ಬಳಿ ಹೊಸ ಮೇಲ್ಸೇತುವೆ ಎದ್ದಿದೆ. ಅದರ ಇಳಿಜಾರಿಗೆ ಹುಲ್ಲು, ಅಂಚಿಗೆ ಕಾಗದದ ಹೂವಿನ ಬಳ್ಳಿ, ಉದ್ದದ ಗೋಡೆಗೆ ಈ ನೆಲದ ಬದುಕಿನ ಚಿತ್ರ ಎಂದು ಯೋಜನೆಯಾಗಿದೆ. ನಕ್ಷೆ ಮಾಡುವ ಹುಡುಗಿ ನೀಲಮ ಡಿವೈಡರಿಗೇ ಬಂದು ಹಾಳೆ ಬಿಚ್ಚಿ ತೋರಿಸಿದರು. ಕಬ್ಬಿನ ಗಾಡಿ, ತಂಬಾಕಿನ ಎಲೆ, ಕೊನೆಯಲ್ಲಿ ಗಿಡಕ್ಕೆ ನೀರು ಹಾಕುವ ಹೆಂಗಸರು. ತಲೆತುಂಬ ಸೆರಗು ಹೊದ್ದು, ಕಣ್ಣು ತಗ್ಗಿಸಿದ ಹೆಂಗಸರು.

"ಚೆಂದ ಐತಿ ತಂಗಿ. ಆದ್ರ ಹಿಂಗ ನಿಂತ್ರ ಸಾಯ್ತೀವಿ," ಎಂದರಂತೆ ಅಕ್ಕುತಾಯಿ.

ಕತೆ ಕೇಳಿದ ನೀಲಮ ಚಿತ್ರ ತಿದ್ದಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಾಕೀಟು ತೊಟ್ಟು, ತಲೆ ಎತ್ತಿ ರಸ್ತೆ ನೋಡುವ ಹೆಂಗಸರು ಬಂದರು. ಊರವರಿಗೆ ತೋರಿಸಲು ಪಂಚಾಯಿತಿ ಅಂಗಳದಲ್ಲಿ ಸಭೆ ಕರೆದರು. ಕಬ್ಬು, ದ್ರಾಕ್ಷಿ ತೋಟಗಳ ಒಡೆಯ ಬಾಬಾಸಾಹೇಬ ಮೊದಲು ಎದ್ದರು. "ಇಷ್ಟ ದೊಡ್ಡ ಗ್ವಾಡಿ ಮ್ಯಾಲ ನಮ್ಮ ಸೊಸ್ತ್ಯಾರನ್ನ ಸೆರಗಿಲ್ಲದ ಬರೇ ತಲೀಲೆ ನಿಲ್ಲಸ್ತೀರೇನು? ಹೋಗು ಬರು ಮಂದಿ ನಮ್ಮೂರಿಗೆ ಏನಂದಾರು?"

ಹಿಂದೆ ನಿಂತಿದ್ದ ಅಕ್ಕುತಾಯಿ ಮಾತಾಡಿದರು. ಊರೊಳಗಿನ ಸಭೆ, ಹಿರಿಯರಿದ್ದಾರೆ. ಹಾಗಾಗಿ ಅವರ ತಲೆಯ ಮೇಲೆ ಸೆರಗಿತ್ತು.

"ಊರಾಗ ಹಾಕ್ಕೋತೀನ್ರೀ ಅಣ್ಣಾರ. ಈಗೂ ಹಾಕ್ಕೊಂಡ ನಿಂತೀನಿ. ರಸ್ತಾದಾಗ ಅಷ್ಟ ಬ್ಯಾಡ ಅನ್ನಾಕತ್ತೀನಿ. ಗ್ವಾಡಿ ಮ್ಯಾಲ ದಿನಾ ನೋಡಿದ್ರ ನಿಮಗೂ ರೂಢಿ ಆಕ್ಕೈತಿ, ನಮ್ಮ ಹುಡಿಗ್ಯಾರಿಗೂ ಧೈರ್ಯ ಬರತೈತಿ."

"ಇವತ್ತ ರಸ್ತಾದಾಗ ಬಿಟ್ಟಾಕಿ, ನಾಳಿ ಮನ್ಯಾಗ ಬಿಡ್ತಾಳ," ಎಂದು ಯಾರೋ ಅಂದರು. ನಗು ಎದ್ದಿತು.

ಮುಂದಿನ ಸಾಲಿನಲ್ಲಿ ದಾದಾಸಾಹೇಬ ಕುಳಿತಿದ್ದರು. ಅಲ್ಲಿದ್ದವರಲ್ಲಿ ಅಂದು ನಡೆದದ್ದನ್ನು ಕಣ್ಣಾರೆ ಕಂಡ ಗಂಡಸು ಅವರೊಬ್ಬರೇ. ಅಕ್ಕುತಾಯಿ ಕಾದರು. ದಾದಾಸಾಹೇಬ ನೆಲ ನೋಡುತ್ತ ಕುಳಿತರು, ಆಮೇಲೆ ಎದ್ದು ಹೋದರು. ಒಂದು ವಾರದಲ್ಲಿ ಹೆದ್ದಾರಿಯ ಮೇಲಧಿಕಾರಿಗಳಿಂದ ಅಪ್ಪಣೆ ಬಂತು: ಯಾರಿಗೂ ಬೇಜಾರು ಬೇಡ, ಚಿತ್ರದಿಂದ ಹೆಂಗಸರನ್ನೇ ತೆಗೆಯಿರಿ. "ನನಗ ತಪ್ಪು ಅನಸ್ತೈತ್ರಿ," ಎನ್ನುತ್ತಾರೆ ನೀಲಮ, "ಆದ್ರ ಕಡೀ ಮಾತು ನಂದಲ್ಲ." ಹೆಂಗಸರು ಇರಬೇಕಿದ್ದ ಜಾಗದಲ್ಲಿ ಈಗ ಜೋಡಿ ನವಿಲುಗಳಿವೆ.

"ನವಲಿಗೆ ಸೆರಗಿನ ಚಿಂತಿ ಇಲ್ಲ ಬಿಡ್ರಿ," ಎಂದು ಸಾವಕ್ಕ ನಕ್ಕರೂ ನಗು ಅರ್ಧಕ್ಕೇ ನಿಲ್ಲುತ್ತದೆ. ಆ ಸಭೆಯ ಮರುದಿನದಿಂದ ತಂಡದ ಚನ್ನವ್ವ ಮತ್ತೆ ತಲೆ ಮುಚ್ಚತೊಡಗಿದ್ದಾರೆ. ಮುಚ್ಚದಿದ್ದರೆ ಕೆಲಸಕ್ಕೇ ಹೋಗಬೇಡ ಎಂದಿದ್ದಾನೆ ಗಂಡ. ಅಕ್ಕುತಾಯಿ ಚನ್ನವ್ವನನ್ನು ಡಿವೈಡರಿನಿಂದ ಇಳಿಸಿ, ರಸ್ತೆ ಬದಿಯ ಹುಲ್ಲಿನ ಕೆಲಸಕ್ಕೆ ಹಾಕಿದ್ದಾರೆ. ಶುಭಾಂಗಿಯ ಕೈಯೂ ಮತ್ತೆ ಏಳತೊಡಗಿದೆ. "ಹೊಸಾ ಹುಡುಗಿ. ಮನಿಗೆ ಹೋದ ಮ್ಯಾಲೂ ಆಕಿ ಕೈ ನನ್ನ ಕಣ್ಣಾಗ ಇರತೈತ್ರಿ."

ದಾದಾಸಾಹೇಬರು ನನಗೆ ಸಿಕ್ಕಿದ್ದು ಹೊಲದ ಬದುವಿನಲ್ಲಿ. ಜನಾಬಾಯಿ ಸತ್ತ ದಿನದ ನಂತರ ಅವರು ಹೆದ್ದಾರಿಯ ಆ ತುಂಡಿಗೆ ಕಾಲಿಟ್ಟಿಲ್ಲ. ನಿಪ್ಪಾಣಿಗೆ ಹೋಗಬೇಕಾದರೆ ಕೆಸರಿನ ಗಾಡಿದಾರಿ ಹಿಡಿದು ಸುತ್ತಿ ಹೋಗುತ್ತಾರೆ. "ನಾ ಬಂದ್ರ ಅವರ ಕೈ ಸೆರಗಿಗೆ ಹೋಗತೈತಿ. ಅದಕ್ಕ ಬರೂದ ಬಿಟ್ಟೀನಿ." ಸಭೆಯಲ್ಲಿ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ಏನಂತ ಹೇಳ್ಲಿ? ನನಗ ಕೊಟ್ಟ ಮರ್ಯಾದಿನೇ ಆಕಿನ್ನ ಕೊಂದೈತಿ ಅಂತ ನಾಕ್ ಮಂದ್ಯಾಗ ಹೆಂಗ ಹೇಳ್ಲಿ?"

ಈ ಮಾತನ್ನು ನಾನು ತಿಳಿಸಿದಾಗ ಅಕ್ಕುತಾಯಿ ಬಾವುಟದ ಬಟ್ಟೆ ಸರಿಮಾಡುತ್ತಾರೆ. ಸಿಟ್ಟಿದೆಯೇ ಎಂದರೆ ತಲೆಯಾಡಿಸುತ್ತಾರೆ. ಅದು ಹೌದೋ ಅಲ್ಲವೋ ತಿಳಿಯುವುದಿಲ್ಲ. ಚಿತ್ರದ ಆಸೆ ಬಿಟ್ಟಿದ್ದಾರಂತೆ. ಕೇಳುವುದು ಇಷ್ಟೇ:

"ಭಾವ ಕೆಸರಾಗ ಸುತ್ತಿ ಹೋಗೂದ್ರಿಂದ ನಮ್ಮ ಜನಾಬಾಯಿ ಹೊಳ್ಳಿ ಬರಂಗಿಲ್ಲರಿ. ಅವರು ಒಂದ ಸಲ ಇದ ರಸ್ತಾದಾಗ ಬರ್ಲಿ. ನಾನೂ ಶುಭಾಂಗಿನೂ ಮಾರಿ ಎತ್ತಿ ನಿಂತಿರ್ತೀವಿ. ಅವರು ನಮ್ಮನ್ನ ನೋಡ್ಲಿ, ನಾವು ಗಾಡಿ ನೋಡ್ತೀವಿ. ಏನೂ ಅನ್ನದ ದಾಟಿ ಹೋಗ್ಲಿ. ಅಷ್ಟಾದ್ರ ಊರಾಗಿನ ಉಳದ ಗಂಡಸರನ್ನ ನಾ ನೋಡ್ಕೋತೀನಿ."